ಅಪ್ಪನ ಕಲ್ಲಿನ ಜೀರುಂಡೆ

ಅಪ್ಪ ತೀರಿಕೊಂಡು ವರ್ಷ ತುಂಬುವ ಹೊತ್ತಿಗೆ, ಅವನ ಬಗ್ಗೆ ನನಗೆ ತಿಳಿಯದ್ದು ಏನೂ ಉಳಿದಿಲ್ಲ ಎಂದು ನಾನು ತೀರ್ಮಾನಿಸಿಬಿಟ್ಟಿದ್ದೆ. ಎಂಬತ್ತರ ದಶಕದ ನಡುವಿನ ಮಾತು. ನಮ್ಮೂರು ಸಂಶಿಯ ಸಾಲಿಯಲ್ಲಿ ಇತಿಹಾಸದ ಮಾಸ್ತರನಾಗಿದ್ದೆ. ಜಗತ್ತೆಲ್ಲ ನನ್ನ ಪಾಠ ಕೇಳಲು ಬಾಯಿ ತೆರೆದು ಕೂತಿದೆ ಎಂಬ ಭ್ರಮೆ ಆ ಉದ್ಯೋಗದಲ್ಲಿ ಬೇಗ ಹತ್ತುತ್ತದೆ. ಹೆಂಡತಿ ಉಪ್ಪು ತರಲು ಹೇಳಿದರೆ ಉಪ್ಪಿನ ಇತಿಹಾಸ ಹೇಳಿ, ಉಪ್ಪು ಮರೆತು ಬರುವವನು ನಾನು.

ಅಪ್ಪ ಮಿಲಿಟರಿಯಲ್ಲಿ ಲಾರಿ ಓಡಿಸಿದವನು. ನಾನು ಸಣ್ಣವನಿದ್ದಾಗ ನೀಲಿ ಟೋಪಿಯ ಶಾಂತಿಪಡೆಯ ಜೊತೆ ಈಜಿಪ್ಟಿಗೆ ಹೋಗಿ ಬಂದಿದ್ದ. ಬರುವಾಗ ಮೂರು ಸಾಮಾನು ತಂದ: ಪಿರಮಿಡ್ಡಿನ ಚಿತ್ರವಿರುವ ಹಿತ್ತಾಳೆಯ ಆ್ಯಶ್‌ಟ್ರೇ, ಕರಿಕಲ್ಲಿನ ಒಂದು ಬೆಕ್ಕು, ಅಂಗೈಯಲ್ಲಿ ಹಿಡಿಸುವಷ್ಟು ದೊಡ್ಡ ಕರಿಕಲ್ಲಿನ ಜೀರುಂಡೆ. ಬೀಡಿ ಸಿಗರೇಟು ಮುಟ್ಟದ ನಮ್ಮ ಮನೆಯಲ್ಲಿ ಆ್ಯಶ್‌ಟ್ರೇ ದೇವರ ಜಗಲಿ ಏರಿ ವಿಭೂತಿಯ ತಟ್ಟೆಯಾಯಿತು. ಬೆಕ್ಕನ್ನು ಅವ್ವ ಹಾಲಿನ ಗಡಿಗೆಯ ಮುಚ್ಚಳದ ಮೇಲೆ ಭಾರಕ್ಕೆ ಇಟ್ಟಳು. ಓಣಿಯ ಬೆಕ್ಕುಗಳು ಅದಕ್ಕೆ ಕವಡೆ ಕಿಮ್ಮತ್ತು ಕೊಡಲಿಲ್ಲ. ಜೀರುಂಡೆಯನ್ನು ಮಾತ್ರ ಅಪ್ಪ ತನ್ನ ಟ್ರಂಕಿನಲ್ಲೇ ಇಟ್ಟುಕೊಂಡ, ಯಾರ ಕೈಗೂ ಕೊಡಲಿಲ್ಲ.

ಊರಿಗೆ ಮರಳಿದ ಮೇಲೆ ಅವನಿಗೆ ಅಧ್ಯಾತ್ಮದ ಹುಚ್ಚು ಹಿಡಿಯಿತು. ನಸುಕಿನಲ್ಲೆದ್ದು, ಇಷ್ಟಲಿಂಗವನ್ನು ಎಡ ಅಂಗೈಯಲ್ಲಿಟ್ಟುಕೊಂಡು ರೆಪ್ಪೆ ಬಡಿಯದೆ ನೋಡುತ್ತ ಕೂರುತ್ತಿದ್ದ. ಮಠಕ್ಕೆ ಹೋಗುವಷ್ಟೇ ಭಕ್ತಿಯಿಂದ ಯಮನೂರಿನ ದರ್ಗಾಕ್ಕೂ ಹೋಗುತ್ತಿದ್ದ. ಭಜನೆಯಲ್ಲಿ ತತ್ವಪದ ಹಾಡುತ್ತಿದ್ದ. ಒಮ್ಮೆ ನನ್ನನ್ನೂ ಬಾಜೂ ಕೂರಿಸಿಕೊಂಡು ಧ್ಯಾನ ಕಲಿಸಲು ನೋಡಿದ. ನನಗೆ ಮೊದಲು ಕಂಡದ್ದು ಮಿರ್ಚಿ ಭಜಿ, ಆಮೇಲೆ ಕಂಡದ್ದು ನಿದ್ದೆ. ನನ್ನ ಗೊರಕೆಗೆ ಅವ್ವ ಅಡುಗೆಮನೆಯಿಂದ ಓಡಿಬಂದಳಂತೆ. ಅಪ್ಪ ಮತ್ತೆ ಕರೆಯಲಿಲ್ಲ.

ಇಂಥ ಅಪ್ಪನನ್ನು ಊರು ತಲೆ ಸ್ವಲ್ಪ ಸಡಿಲಾದ ಮಿಲಿಟರಿ ಮನುಷ್ಯ ಎಂದು ತಿಳಿದಿತ್ತು. ಅವನು ಎಂಥ ದೊಡ್ಡವನೆಂದು ವರ್ಷದ ಪುಣ್ಯಸ್ಮರಣೆಯ ದಿನ ಎಲ್ಲರೆದುರು ತೋರಿಸಬೇಕೆಂದು ನಾನು ಹಟ ತೊಟ್ಟೆ. ಅಂಥವನ ಮಗ ಎಂಥವನೆಂಬುದೂ ಅದರ ಜೊತೆ ತಾನಾಗಿ ತಿಳಿಯಲಿ ಎಂಬ ಆಸೆಯೂ ಇತ್ತು. ಬಾಡಿಗೆಗೆ ಮೈಕು ಹೇಳಿದೆ. ಮೇಜಿನ ಮೇಲೆ ಬಿಳಿ ಚಾದರ ಹಾಸಿ, ಮೂರು ಸಾಮಾನಿಟ್ಟು, ಒಂದೊಂದರ ಮುಂದೆ ದುಂಡು ಅಕ್ಷರದ ಚೀಟಿ ನಿಲ್ಲಿಸುವುದೆಂದು ಗೊತ್ತುಮಾಡಿದೆ. ನನ್ನ ಭಾಷಣದ ಕಳಸ ಜೀರುಂಡೆ. ಆ ದೇಶದ ಹಿಂದಿನವರು ಸತ್ತವರ ಎದೆಯ ಮೇಲೆ ಕಲ್ಲಿನ ಜೀರುಂಡೆ ಇಟ್ಟು ಹೂಳುತ್ತಿದ್ದರೆಂದು ಹುಬ್ಬಳ್ಳಿಯ ಗ್ರಂಥಾಲಯದಲ್ಲಿ ಓದಿಕೊಂಡು ಬಂದಿದ್ದೆ. ಕಂಡಕಂಡವರಿಗೆಲ್ಲ, ಬಂದು ಆ ಹುಳ ನೋಡ್ರಿ ಎಂದು ಆಮಂತ್ರಣ ಕೊಟ್ಟೆ.

ಆಮೇಲೆ ಟ್ರಂಕು ತೆರೆದರೆ ಹುಳ ಇರಲಿಲ್ಲ.

ಅವ್ವನಿಗೆ ಹೇಳಿದರೆ ನೊಂದುಕೊಂಡಾಳೆಂದು, ಸಾಲಿಯ ಕಪಾಟಿನ ಕೀಲಿ ಕಳೆದಿದೆ ಎಂದು ಸುಳ್ಳು ಹೇಳಿ ಹುಡುಕತೊಡಗಿದೆ. ಪಾಪ, ಅವಳೂ ನನ್ನ ಜೊತೆ ಜೋಳದ ಚೀಲ ಸರಿಸಿ ಸರಿಸಿ ಇಲ್ಲದ ಕೀಲಿ ಹುಡುಕಿದಳು. ನನ್ನ ಅನುಮಾನ ಅಪ್ಪನ ತಮ್ಮ, ನಮ್ಮ ಕಾಕಾನ ಮೇಲೆ ಬಿತ್ತು. ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕದ ಮನುಷ್ಯ. ಲಿಂಗವಂತರ ಮನೆಯಲ್ಲಿ ಪರದೇಶದ ಹುಳ ಯಾಕೆ ಎಂದು ಮೊದಲಿನಿಂದಲೂ ಅವನ ತಕರಾರು. ಚಹಾದ ನೆವದಲ್ಲಿ ಅವನ ಮನೆಗೆ ಹೋಗಿ, ಯಾರೂ ಇಲ್ಲದಾಗ ಹಾಸಿಗೆ ಎತ್ತಿ ನೋಡುತ್ತಿದ್ದೆ. ಕಾಕಿ ಬಂದುಬಿಟ್ಟಳು. ತಗಣಿ ನೋಡುತ್ತಿದ್ದೆ ಎಂದೆ. ಅವಳ ಮನೆಯಲ್ಲಿ ತಗಣಿ ಇವೆ ಎಂದಂತಾಯಿತು. ಚಹಾ ಬರಲೇ ಇಲ್ಲ. ಅಲ್ಲಿಗೂ ನಿಲ್ಲದೆ, ಅಪ್ಪನ ನೆನಪಿಗೆಂದು ತಂಗಿ ಒಯ್ದಿರಬಹುದೆಂದು ಬಸ್ಸು ಹತ್ತಿ ಕಲಘಟಗಿಯ ಅವಳ ಮನೆಗೆ ಹೋದೆ. ಬಣ್ಣದ ತೊಟ್ಟಿಲಲ್ಲಿ ಮಲಗಿದ್ದ ಕೂಸಿನ ಕೆಳಗೆ ಕೈ ಹಾಕಿ ತಡಕಿದೆ. ಕೈಗೆ ಹತ್ತಿದ್ದನ್ನು ಇಲ್ಲಿ ಬರೆಯುವುದು ಬೇಡ.

ಕಾರ್ಯಕ್ರಮದ ದಿನ ಬಂತು. ಹೊರಗೆ ಮೈಕಿನವನು ಹಲೋ ಹಲೋ ಅನ್ನುತ್ತಿದ್ದ. ನಾನು ಒಳಗೆ ಕಡೆಯ ಆಸೆಯಿಂದ ಜಗಲಿಯ ದೇವರನ್ನೆಲ್ಲ ಕೆಳಗಿಳಿಸಿ ಹುಡುಕುತ್ತಿದ್ದೆ. ಅವ್ವ ಬಂದು ನಿಂತಳು.

"ಹೊರಗ ಮಂದಿ ಹುಳ ಹುಳ ಅನ್ನಾಕತ್ತಾರ. ಕೀಲಿ ಅಲ್ಲ ನೀ ಹುಡಕೋದು. ಆ ಹುಳ, ಹೌದಿಲ್ಲೋ?"

ತಲೆಯಾಡಿಸಿದೆ.

"ಅದು ನಿಮ್ಮಪ್ಪನ ಕೂಡ ಹೋತು. ನೀನ ಇಟ್ಟಿಯಲ್ಲ, ಅವರ ಬಲಗೈಯಾಗ."

ಆಗ ನೆನಪಾಯಿತು. ಮಣ್ಣು ಮಾಡುವ ದಿನ, ಕುಣಿಯಲ್ಲಿ ಪದ್ಮಾಸನ ಹಾಕಿ ಕೂರಿಸಿದ ಅಪ್ಪನ ಎಡ ಅಂಗೈಯಲ್ಲಿ ಮಠದ ಅಯ್ಯನವರು ಲಿಂಗ ಇಟ್ಟಿದ್ದರು. ಅವ್ವ ಬಿಳಿ ಅರಿವೆಯ ಸಣ್ಣ ಗಂಟೊಂದನ್ನು ನನಗೆ ಕೊಟ್ಟು, ಬಲಗೈಯಲ್ಲಿ ಇಡು ಎಂದಿದ್ದಳು. ವಿಭೂತಿ ಗಟ್ಟಿ ಇದ್ದೀತೆಂದು ನಾನು ಇಟ್ಟು, ಮೇಲೆ ಬಿಲ್ವಪತ್ರಿ ಹಾಕಿದ್ದೆ. ಈಜಿಪ್ಟಿನವರು ಏನೇನು ಇಟ್ಟು ಹೂಳುತ್ತಿದ್ದರೆಂದು ಪುಟಗಟ್ಟಲೆ ಬರೆದ ಪಂಡಿತನಿಗೆ, ತನ್ನ ಕೈಯಿಂದ ತಾನೇ ಏನಿಟ್ಟೆ ಎಂಬುದು ಗೊತ್ತಿರಲಿಲ್ಲ.

ಉಳಿದದ್ದನ್ನು ಅವ್ವ ಸಣ್ಣ ದನಿಯಲ್ಲಿ ಹೇಳಿದಳು. ಅಲ್ಲಿಗೆ ಹೋದ ಹೊಸತರಲ್ಲಿ ಅಪ್ಪ ಸಮುದ್ರದಲ್ಲಿ ಮೈ ತೊಳೆಯಲು ಇಳಿದಿದ್ದನಂತೆ. ತೆರೆ ಬಡಿದು ಕೊರಳಿನ ದಾರ ಹರಿದು ಲಿಂಗ ನೀರುಪಾಲಾಯಿತು. ನಮ್ಮಲ್ಲಿ ಲಿಂಗ ಕಳಕೊಂಡವನು ಜೀವ ಕಳಕೊಂಡಂತೆ. ಹೇಳಿಕೊಳ್ಳಲು ಅಲ್ಲಿ ಯಾರೂ ಇಲ್ಲ, ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಬಜಾರದಲ್ಲಿ ಮುದುಕನೊಬ್ಬ ಮಾರಲೆಂದು ಈ ಜೀರುಂಡೆಯನ್ನು ಅವನ ಅಂಗೈಯಲ್ಲಿಟ್ಟನಂತೆ. ಅದೇ ಭಾರ, ಅದೇ ತಂಪು. ಊರಿಗೆ ಮರಳುವ ತನಕ ನಸುಕಿನಲ್ಲಿ ಅದನ್ನೇ ಎಡಗೈಯಲ್ಲಿಟ್ಟುಕೊಂಡು ಕೂತ. ಬಂದ ಮೇಲೆ ದೂರದ ಮಠವೊಂದಕ್ಕೆ ಹೋಗಿ ಹೊಸ ಲಿಂಗ ಕಟ್ಟಿಸಿಕೊಂಡ. ಅವ್ವನಿಗಲ್ಲದೆ ಯಾರಿಗೂ ಹೇಳಲಿಲ್ಲ.

"ಯಾರೂ ಇಲ್ಲದಾಗ ಕೈ ಹಿಡದದ್ದು ಇದು, ಕಡೀಕ ಬಿಟ್ಟು ಹೋಗಂಗಿಲ್ಲ ಅಂದಿದ್ರು," ಎಂದಳು ಅವ್ವ. "ನೀ ಯಾರ ಮುಂದೂ ಆಡಬ್ಯಾಡ. ನಿಮ್ಮ ಕಾಕಾಗ ತಿಳದರ ಅಂವಾ ಈ ಮನಿ ನೀರು ಮುಟ್ಟಂಗಿಲ್ಲ. ನಿಮ್ಮಪ್ಪ ಅದೊಂದಕ್ಕ ಅಂಜತಿದ್ರು."

ನನಗೆ ಅಳು ಬಂತು, ಅತ್ತುಬಿಟ್ಟೆ. ನನ್ನ ಜನ್ಮದಲ್ಲಿ ಸಿಕ್ಕ ಅತ್ಯುತ್ತಮ ಇತಿಹಾಸದ ಪಾಠ ಅದು, ಅದನ್ನು ಯಾರಿಗೂ ಹೇಳುವಂತಿರಲಿಲ್ಲ. ಈಗ ಅವ್ವನೂ ಇಲ್ಲ, ಕಾಕಾನೂ ಇಲ್ಲ; ಅದಕ್ಕೇ ಬರೆಯುವ ಧೈರ್ಯ ಬಂದಿದೆ.

ಅಂಗಳದಲ್ಲಿ ಅಯ್ಯನವರು, ಊರವರು, ಭಜನೆಯವರು ಕೂತಿದ್ದರು. ಮೇಜಿನ ಮೇಲೆ ಚೀಟಿ ಮೂರು, ಸಾಮಾನು ಎರಡು. ಪಿರಮಿಡ್ಡಿನ ಬಗ್ಗೆ ಏನೋ ನಾಲ್ಕು ಮಾತು ತೊದಲಿದೆ. ಕಾಕಾ ಎದ್ದು ನಿಂತು, ಆ ಹುಳ ಎಲ್ಲಿ ಎಂದು ಕೇಳಿಯೇ ಬಿಟ್ಟ.

"ಕಳದೀನ್ರಿ ಕಾಕಾ," ಎಂದೆ ಮೈಕಿನಲ್ಲಿ. "ನನ್ನ ಕೈಯಿಂದನ ಹೋತು."

ಹುಳ ಕಂಡರಾಗದ ಮನುಷ್ಯ ಕೆಂಡವಾದ. ಅಣ್ಣ ಜೀವದಂತೆ ಕಾಪಾಡಿದ ವಸ್ತುವನ್ನು ಒಂದು ವರ್ಷ ಜೋಪಾನ ಮಾಡಲಾಗದ ನಾನು ಎಂಥ ಮಗ, ಎಂಥ ಮಾಸ್ತರ ಎಂದು ಊರೆದುರು ಕೇಳಿದ. ಬೈಯುತ್ತ ಬೈಯುತ್ತ ಅಣ್ಣನ ನೆನಪಾಗಿ ಅವನ ದನಿ ಒಡೆಯಿತು. ನಾನು ತಲೆ ತಗ್ಗಿಸಿ ಹೌದ್ರಿ, ಹೌದ್ರಿ ಎನ್ನುತ್ತ ನಿಂತೆ. ಅಷ್ಟು ಬೈಗುಳ ಅಷ್ಟು ಸಂತೋಷದಿಂದ ನಾನು ಯಾವತ್ತೂ ತಿಂದಿಲ್ಲ. ಕೂಗಿ ಕೂಗಿ ಕಾಕಾನ ಗಂಟಲು ಒಣಗಿತು. ಅವ್ವ ಒಳಗಿನಿಂದ ತಂಬಿಗೆ ತಂದುಕೊಟ್ಟಳು. ಅವನು ನಮ್ಮ ಮನೆಯ ಅಂಗಳದಲ್ಲಿ ನಿಂತು ಅಷ್ಟೂ ನೀರನ್ನು ಗಟಗಟ ಕುಡಿದ.