ಹಾಲು ಉಕ್ಕಿಸಿದ ಮನೆ

ಆ ದೀಪ ಹಚ್ಚಿದ ಸ್ವಲ್ಪ ಹೊತ್ತಿಗೆ ಸುಟ್ಟ ಧೂಳಿನ ವಾಸನೆ ಬರುತ್ತದೆ. ಚಂದ್ರನ ಆಕಾರದ, ಹಳದಿ ಪ್ಲಾಸ್ಟಿಕ್ಕಿನ ದೀಪ. ಮಕ್ಕಳ ಕೋಣೆಗೆಂದು ಮಾಡಿದ್ದು. ಮಕ್ಕಳಿಲ್ಲದ ನನ್ನ ಮನೆಯಲ್ಲಿ ಅದು ಬರೆಯುವ ಮೇಜಿನ ಮೇಲೆ ಕೂತಿದೆ. ಬಂದವರು ನೋಡಿ ನಗುತ್ತಾರೆ. ನಾನೂ ಅವರ ಜೊತೆ ನಕ್ಕುಬಿಡುತ್ತೇನೆ, ವಿವರಿಸುವ ಗೋಜಿಗೆ ಹೋಗುವುದಿಲ್ಲ.

ಕಳೆದ ವಾರ ನಮ್ಮ ಕನ್ನಡ ಸಂಘದ ಸಂಚಿಕೆಯ ಸಂಪಾದಕರು ಫೋನ್ ಮಾಡಿದ್ದರು. ಯುವ ಲೇಖಕರ ವಿಶ್‌ಲಿಸ್ಟು ಅಂತ ಒಂದು ಪುಟ ಮಾಡುತ್ತಿದ್ದಾರಂತೆ. ಮನೆಗೆ, ಮನರಂಜನೆಗೆ ಏನೇನು ಬೇಕೆಂದು ಆಸೆಯಿದೆಯೋ ಅದನ್ನೆಲ್ಲ ಬರೆದು ಕೊಡಬೇಕಂತೆ. "ತುಂಬಾ ಸೀರಿಯಸ್ ಮಾಡ್ಬೇಡಮ್ಮ, ಓದಿದೋರು ಸ್ವಲ್ಪ ನಗ್ಲಿ" ಅಂದರು. ಮೂವತ್ತು ದಾಟಿದ ಮೇಲೂ ಒಬ್ಬರು ಯುವ ಅಂತ ಕರೆದರೆ ಬೇಡವೆನ್ನಲು ನನಗೇನು ಹುಚ್ಚೇ? ಒಪ್ಪಿಕೊಂಡು ಬರೆಯಲು ಕೂತೆ. ಒಂದು ರೆಕಾರ್ಡ್ ಪ್ಲೇಯರು. ಗೋಡೆ ತುಂಬ ಸಿನಿಮಾ ಬೀಳಿಸುವ ಪ್ರೊಜೆಕ್ಟರು. ಕಾಲು ಚಾಚಿ ಓದಲು ಒಂದು ಕುರ್ಚಿ. ಪಕ್ಕದ ಮನೆಯವರು ಬಾಗಿಲು ಬಡಿಯದಷ್ಟು ಮೆಲ್ಲಗೆ ತಿರುಗುವ ಮಿಕ್ಸಿ. ಅಷ್ಟರಲ್ಲಿ ಹೊರಗೆ ಕತ್ತಲಾಯಿತು, ಈ ಊರಿನ ಚಳಿಗಾಲದ ಸಂಜೆಗಳು ಮಧ್ಯಾಹ್ನಕ್ಕೇ ಬಂದುಬಿಡುತ್ತವೆ. ದೀಪ ಹಚ್ಚಿದೆ. ವಾಸನೆ ಬಂತು... ಪಟ್ಟಿ ಅಲ್ಲಿಗೇ ನಿಂತಿತು.

ಇಂಥ ಪಟ್ಟಿಯನ್ನು ನಾನು ಹಿಂದೊಮ್ಮೆ ಮಾಡಿದ್ದೆ. ಒಬ್ಬಳೇ ಅಲ್ಲ, ಅಕ್ಕನ ಜೊತೆ.

ಆಗ ನಾನು ಕೆನಡಾದ ಬ್ರಾಂಪ್ಟನ್ನಿನ ಒಂದು ಬೇಸ್‌ಮೆಂಟಿನಲ್ಲಿದ್ದೆ. ಕಾಲೇಜು ಓದುತ್ತಿದ್ದೆ, ಓದುವುದಕ್ಕಿಂತ ಹೆಚ್ಚು ಕಥೆ ಬರೆಯುತ್ತಿದ್ದೆ. ಇದ್ದದ್ದು ಒಂದೇ ಕೋಣೆ. ನಡುವೆ ಹಳೇ ಸೀರೆಯ ಪರದೆ ಕಟ್ಟಿ ಎರಡು ಮಾಡಿದ್ದೆವು. ಕಿಟಕಿಯ ಕಡೆ ನಾನು, ಮನೆ ಬಿಸಿ ಮಾಡುವ ಫರ್ನೇಸಿನ ಕಡೆ ಅಕ್ಕ. ಅಕ್ಕ ಅಂದರೆ ಒಡಹುಟ್ಟಿದವಳಲ್ಲ. ನಾನು ಉಡುಪಿ ಕಡೆಯವಳು, ಅವಳು ಬೆಳಗಾವಿ ಕಡೆಯ ಹಳ್ಳಿಯವಳು, ಬಾಡಿಗೆ ಹಂಚಿಕೊಳ್ಳುವ ಒಪ್ಪಂದದಲ್ಲಿ ಒಂದೇ ಸೂರಿನಡಿ ಬಂದವರು. ಮೊದಮೊದಲು ಅವಳ ಕನ್ನಡ ನನಗೆ ಅರ್ಧ ತಿಳಿಯುತ್ತಿರಲಿಲ್ಲ, ನನ್ನ ಕನ್ನಡ ಕೇಳಿ ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ. ಗಂಡ ಬೇರೆ ಸಂಸಾರ ಹೂಡಿದ ಮೇಲೆ ಪುಟ್ಟ ಮಗಳನ್ನು ತನ್ನ ತಾಯಿಯ ಹತ್ತಿರ ಬಿಟ್ಟು, ಓದುವ ನೆಪದಲ್ಲಿ ವೀಸಾ ಮಾಡಿಸಿಕೊಂಡು ಬಂದವಳು ಅವಳು. ಓದು ಮುಗಿಸಿ ಕೆಲಸದ ಪರ್ಮಿಟ್ಟಿನ ಮೇಲೆ ಬೋಲ್ಟನ್ನಿನ ಒಂದು ವೇರ್‌ಹೌಸಿನಲ್ಲಿ ಡಬ್ಬ ಎತ್ತುತ್ತಿದ್ದಳು. ಪಿಆರ್, ಅಂದರೆ ಇಲ್ಲೇ ಕಾಯಂ ಇರುವ ಪರವಾನಗಿ, ಸಿಗಬೇಕು, ಸಿಕ್ಕಿದ ಮೇಲೆ ಸ್ವಂತದ್ದೊಂದು ಬಾಡಿಗೆ ಮನೆ ಹಿಡಿಯಬೇಕು, ಮಗಳನ್ನು ಕರೆಸಿಕೊಳ್ಳಬೇಕು. ಅವಳ ತಲೆಯಲ್ಲಿ ಬೇರೆ ಯಾವ ಯೋಚನೆಗೂ ಜಾಗವಿರಲಿಲ್ಲ.

ಭಾನುವಾರ ಬಂತೆಂದರೆ ಇಬ್ಬರೂ ಬಸ್ಸು ಹಿಡಿದು ವಾನ್ ಎಂಬ ಪಕ್ಕದ ಊರಿಗೆ ಹೋಗುತ್ತಿದ್ದೆವು. ಅಲ್ಲಿ ಹೆದ್ದಾರಿಯ ಪಕ್ಕ ಒಂದು ಭಾರೀ ಫರ್ನಿಚರ್ ಅಂಗಡಿ. ಒಳಗೆ ಸಾಲು ಸಾಲಾಗಿ ಕೋಣೆಗಳನ್ನು ಕಟ್ಟಿ, ಮಂಚ, ಸೋಫಾ, ಅಡುಗೆಮನೆ ಎಲ್ಲ ಜೋಡಿಸಿಟ್ಟಿರುತ್ತಿದ್ದರು. ಕೊಳ್ಳದಿದ್ದರೂ ಯಾರೂ ಎಬ್ಬಿಸುವುದಿಲ್ಲ, ಬೆಚ್ಚಗಿರುತ್ತದೆ, ಕಾಫಿ ಅಗ್ಗ. ನಮ್ಮಂಥವರಿಗೆ ಅದಕ್ಕಿಂತ ಒಳ್ಳೆಯ ಪಿಕ್ನಿಕ್ ಜಾಗ ಎಲ್ಲಿ ಸಿಗಬೇಕು? ಅಕ್ಕ ಆ ಕೋಣೆಗಳೊಳಗೆ ಹೋಗುವ ಮೊದಲು ಬೂಟು ಬಿಚ್ಚುತ್ತಿದ್ದಳು. ಅವಳನ್ನು ನೋಡಿ ಒಮ್ಮೆ ಒಬ್ಬ ಚೀನೀ ಅಜ್ಜಿಯೂ ಬಿಚ್ಚಿದಳು. ಸೋಫಾದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಅಡುಗೆಮನೆಯ ಕಪಾಟು ಒಂದೊಂದೇ ತೆಗೆದು, ಇಲ್ಲಿ ಜೋಳದ ಹಿಟ್ಟು, ಇಲ್ಲಿ ಶೇಂಗಾ ಚಟ್ನಿಪುಡಿ ಅಂತ ಸಂಸಾರ ಹೂಡುತ್ತಿದ್ದಳು. ರೊಟ್ಟಿ ತಟ್ಟುವಷ್ಟು ಜಾಗ ಬಿಟ್ಟಿಲ್ಲವೆಂದು ಕಟ್ಟಿದವರನ್ನು ಬೈಯುತ್ತಿದ್ದಳು. ಗೋಡೆಯ ಒಂದು ಕಪಾಟಿಗಾಗಿ ನಮ್ಮಿಬ್ಬರಿಗೂ ಪ್ರತಿ ವಾರ ಜಗಳ. ನನಗೆ ಪುಸ್ತಕಕ್ಕೆ ಬೇಕು, ಅವಳಿಗೆ ದೇವರಿಗೆ ಬೇಕು. ಕೊನೆಗೆ ಮೇಲಿನೆರಡು ಅರೆ ದೇವರಿಗೆ, ಉಳಿದದ್ದು ನನಗೆ ಅಂತ ಪಾಲಾಯಿತು. ಇಬ್ಬರದೂ ಅಲ್ಲದ ಕಪಾಟು ಅದು.

ಬೇಸ್‌ಮೆಂಟಿನಿಂದ ಅವಳು ಎಂದೂ ಮನೆಗೆ ವಿಡಿಯೋ ಕಾಲ್ ಮಾಡುತ್ತಿರಲಿಲ್ಲ. ತಗ್ಗಿನ ಸೂರು, ಪೈಪುಗಳು, ಸೀರೆಯ ಪರದೆ ತಾಯಿಯ ಕಣ್ಣಿಗೆ ಬೀಳುವುದು ಬೇಡವೆಂದು ಬರೀ ಮಾತು. ಒಂದು ಭಾನುವಾರ ನಾವು ಆ ಅಂಗಡಿಯ ಮಕ್ಕಳ ಕೋಣೆಯಲ್ಲಿ ಕೂತಿದ್ದಾಗ ಮಗಳೇ ವಿಡಿಯೋ ಕಾಲ್ ಮಾಡಿದಳು. ಅಕ್ಕ ಮೈಮರೆತು ಎತ್ತಿಬಿಟ್ಟಳು. ಹಿಂದೆ ಬಿಳಿ ಮಂಚ, ಏಣಿ, ಗೋಡೆಯಲ್ಲಿ ಚಂದ್ರನ ದೀಪ. ಮಗು ಮುಖವನ್ನು ಫೋನಿನ ಹತ್ತಿರ ತಂದು ನೋಡಿತು.

"ಅವ್ವಾ, ಅದು ನನ್ನ ಮಂಚ ಏನ?"

ಅಕ್ಕ ನನ್ನ ಮುಖ ನೋಡಿದಳು. ಆಮೇಲೆ ಫೋನಿನ ಕಡೆ ತಿರುಗಿ "ಹೂಂ" ಅಂದಳು.

ಅಷ್ಟೇ. ಒಂದು ಹೂಂ. ಮಂಚದ ಕಾಲಿಗೆ ನೇತುಹಾಕಿದ್ದ ಬೆಲೆಚೀಟಿ ಕಾಣದಂತೆ ನಾನು ಅದರ ಮೇಲೆ ಕೈ ಇಟ್ಟು ಕೂತೆ.

ಅಲ್ಲಿಂದ ಮುಂದೆ ಭಾನುವಾರಗಳು ಬದಲಾದವು. ಮಗಳು ಅಲ್ಲಿಂದ ಬೇಡಿಕೆ ಇಡುವುದು, ಅಕ್ಕ ಇಲ್ಲಿ ಅಂಗಡಿ ತುಂಬ ಓಡಾಡಿ ತೋರಿಸುವುದು. ಗೋಡೆಗೆ ದೊಡ್ಡ ಟಿವಿ ಬೇಕು. ಕೂತು ತೂಗಾಡುವ ಕುರ್ಚಿ ಬೇಕು. ಹಾಡಿಗೆ ತಕ್ಕಂತೆ ಬಣ್ಣದ ಬೆಳಕು ಮಿನುಗುವ ಸ್ಪೀಕರು ಬೇಕು. ಆಯಿಗೆ, ಅಂದರೆ ಅಜ್ಜಿಗೆ, ಮೊಣಕಾಲು ನೋವು, ಎತ್ತರದ ಸೋಫಾ ಬೇಕು. ನಾನು ಮುಂದೆ ಹೋಗಿ ಬೆಲೆಚೀಟಿಗಳನ್ನು ಮಗುಚಿಡುತ್ತಿದ್ದೆ, ಜನ ಅಡ್ಡ ಬಂದರೆ ತಡೆದು ನಿಲ್ಲಿಸುತ್ತಿದ್ದೆ. ಸಾರೀ, ಒನ್ ಮಿನಿಟ್ ಅಂದರೆ ಈ ದೇಶದಲ್ಲಿ ಎಲ್ಲರೂ ಪಾಪ ನಿಲ್ಲುತ್ತಾರೆ. ಫೋನಿಟ್ಟ ಮೇಲೆ ಅಕ್ಕ ಆ ಬೆಲೆಚೀಟಿಗಳನ್ನು ಮತ್ತೆ ತಿರುಗಿಸಿ ಓದುತ್ತಿದ್ದಳು. ಪಿಆರ್ ಬಂದ ಮರುದಿನವೇ ಇದನ್ನೆಲ್ಲ ಒಂದೊಂದಾಗಿ ತರುತ್ತೇನೆ, ಆಗ ಇದು ಸುಳ್ಳು ಹೇಗಾಗುತ್ತದೆ ಎಂದು ನನ್ನನ್ನೇ ಕೇಳುತ್ತಿದ್ದಳು. ನಾನು ಹೌದೆಂದು ತಲೆಯಾಡಿಸುತ್ತಿದ್ದೆ. ನನಗೂ ಹಾಗೇ ಅನ್ನಿಸುತ್ತಿತ್ತು...

ಆಮೇಲೆ ಒಂದು ದಿನ ಆಯಿ ಫೋನ್ ಕೈಗೆ ತೆಗೆದುಕೊಂಡಳು. ಎಲ್ಲ ಕೋಣೆ ತೋರಿಸಿದಿ, ಹಾಲು ಉಕ್ಕಿಸಿದ್ದು ತೋರಿಸಲಿಲ್ಲವಲ್ಲ ಅಂತ ಆಕೆಯ ತಕರಾರು. "ಹಾಲ ಉಕ್ಕಸಲಾರದ ಮನ್ಯಾಗ ಕೂಸಿನ್ನ ಹೆಂಗ ಮಲಗಸ್ತೀಯವಾ?" ಅಂದಳು. ಕಣ್ಣಾರೆ ನೋಡಬೇಕು ಅಂದಳು. ನಾವು ನಿಂತಿದ್ದ ಅಡುಗೆಮನೆಯ ಒಲೆ ನೋಡಿದೆ. ಅದಕ್ಕೆ ವೈರೂ ಇರಲಿಲ್ಲ, ನಲ್ಲಿಗೆ ನೀರೂ ಇರಲಿಲ್ಲ.

ಅಕ್ಕ ಬೇರೆ ಎಲ್ಲದಕ್ಕೂ ಏನಾದರೊಂದು ಹೇಳಿ ಜಾರಿಕೊಳ್ಳಬಲ್ಲಳು, ಇದಕ್ಕೆ ಆಗಲಿಲ್ಲ. ಮುಂದಿನ ಶುಕ್ರವಾರ ಶಿಫ್ಟಿಗೆ ರಜೆ ಹಾಕಿದಳು. ಬೇಸ್‌ಮೆಂಟಿನ ಮುದಿ ಕರೆಂಟ್ ಒಲೆಯನ್ನು ತಿಕ್ಕಿ ತಿಕ್ಕಿ ತೊಳೆದೆವು, ಕರಿ ಹೋಗದಿದ್ದಲ್ಲಿ ಫಾಯಿಲ್ ಹಚ್ಚಿದೆವು. ಅವಳು ತಲೆಗೆ ಸ್ನಾನ ಮಾಡಿ, ಇಳಕಲ್ ಸೀರೆ ಉಟ್ಟು, ಪಾತ್ರೆಗೆ ಅರಿಶಿನ ಕುಂಕುಮ ಹಚ್ಚಿ ನಿಂತಳು. ನನ್ನ ಕೆಲಸ ಫೋನು ಹಿಡಿಯುವುದು. ಪಾತ್ರೆ ಬಿಟ್ಟು ಬೇರೇನೂ ಕಾಣದಷ್ಟು ಹತ್ತಿರ ಹಿಡಿಯಬೇಕು. ಕೈಗೆ ಬಿಸಿ ಹೊಡೆಯುತ್ತಿತ್ತು. ಹಾಲು ಏರಿತು, ಅಂಚಿಗೆ ಬಂತು, ಸುರಿಯಿತು. ಆಯಿ ಆ ಕಡೆಯಿಂದ ಕೈ ಮುಗಿದಳು. ಅದೇ ಹೊತ್ತಿಗೆ ಹಾಲು ಸುಟ್ಟ ಹೊಗೆಗೆ ಸ್ಮೋಕ್ ಅಲಾರ್ಮು ಕಿರುಚತೊಡಗಿತು. ಮೇಲಿನಿಂದ ಮನೆ ಮಾಲೀಕ ಕ್ಯಾ ಹುವಾ, ಕ್ಯಾ ಹುವಾ ಎಂದು ಕೂಗುತ್ತಿದ್ದಾನೆ. ಅದೇನು ಸಪ್ಪಳ ಎಂದು ಆಯಿ ಕೇಳಿದಳು.

"ಇಲ್ಲಿ ಹೊಸಾ ಮನಿ ಸುರು ಆದ್ರ ಹಿಂಗ ಗಂಟಿ ಬಾರಸ್ತಾರಬೇ" ಅಂದಳು ಅಕ್ಕ.

ಫೋನಿಟ್ಟ ಮೇಲೆ ಇಬ್ಬರೂ ನೆಲಕ್ಕೆ ಕೂತು ನಕ್ಕೆವು. ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆಮೇಲೆ ಅವಳು ಎದ್ದು ಒಲೆಗೆ ಹತ್ತಿದ ಹಾಲನ್ನು ಕೆರೆಯುತ್ತ, ನನ್ನ ಕಡೆ ನೋಡದೆ ಹೇಳಿದಳು, "ಹಾಲಂತೂ ಖರೇನ ಉಕ್ಕಿತಲ್ಲ ತಂಗಿ."

ಆ ಭಾನುವಾರ ಅವಳು ಅಂಗಡಿಯಿಂದ ಮೊದಲ ಸಲ ಒಂದು ವಸ್ತು ಕೊಂಡಳು. ಮಗಳ ಕೋಣೆಯ ಚಂದ್ರ. ಕೊಂಡದ್ದು ಅದೊಂದೇ.

ಹಾಲು ಉಕ್ಕಿದ್ದೇ ತಿರುಗುಬಾಣವಾಯಿತು. ಮನೆ ಆಯಿತು, ಪೂಜೆ ಆಯಿತು, ಇನ್ನು ಕೂಸನ್ನು ಯಾಕೆ ಇಲ್ಲಿಟ್ಟಿದ್ದೀ ಎಂದು ಆಯಿ ಪ್ರತಿ ವಾರ ಕೇಳತೊಡಗಿದಳು. ತನ್ನ ಕೈಲಿ ಇನ್ನು ಆಗುವುದಿಲ್ಲ, ಮೊಣಕಾಲು ಮಡಚಲು ಬರುವುದಿಲ್ಲ ಎಂದಳು. ಮಗಳು ಶಾಲೆಯಲ್ಲಿ ಎಲ್ಲರಿಗೂ ತಾನು ಕೆನಡಾಕ್ಕೆ ಹೋಗುವವಳೆಂದು ಹೇಳಿಬಿಟ್ಟಿದ್ದಳು. ಇತ್ತ ಅಕ್ಕನ ಪರ್ಮಿಟ್ಟು ಮುಗಿಯುತ್ತ ಬಂದಿತ್ತು. ಪಿಆರ್‌ಗೆ ಪಾಯಿಂಟು ಬೇಕು. ವೇರ್‌ಹೌಸಿನಲ್ಲಿ ಡಬ್ಬ ಎತ್ತಿದ್ದಕ್ಕೆ ಪಾಯಿಂಟು ಇಲ್ಲ. ವಯಸ್ಸು ಏರಿದಂತೆ ಇದ್ದ ಪಾಯಿಂಟೂ ಇಳಿಯುತ್ತದೆ. ಹುಟ್ಟುಹಬ್ಬಕ್ಕೆ ನಾನು ಕೇಕು ತಂದರೆ ಅವಳು ಅದನ್ನು ನೋಡಿ ನಿಟ್ಟುಸಿರು ಬಿಟ್ಟಳು, ಇವತ್ತು ಮತ್ತೊಂದಿಷ್ಟು ಹೋಯಿತು ಅಂದಳು.

ಸರ್ಕಾರದ ವೆಬ್‌ಸೈಟು ತೆರೆದು ಅವಳಿಗೆ ಓದಿ ಹೇಳುವುದು ನನ್ನ ಪಾಲಿನ ಕೆಲಸ. ಒಂದು ಸಂಜೆ ಅವಳು ಪರದೆ ಸರಿಸಿ ನನ್ನ ಮಂಚದ ತುದಿಗೆ ಬಂದು ಕೂತಳು. "ನೀ ಬರ್ಯಾಕಿ ಅದಿ. ಹಿಂಗ ಒಂದು ಕೂಸು ಐತಿ ಅಂತ ಅವರಿಗೆ ತಿಳಿಯೂ ಹಂಗ ಏನರ ಬರಿಯಲ್ಲಾ." ನಾನು ಲ್ಯಾಪ್‌ಟಾಪನ್ನು ಅವಳ ಕಡೆ ತಿರುಗಿಸಿದೆ. ಅಲ್ಲಿ ಬರೆಯಲು ಜಾಗವೇ ಇರಲಿಲ್ಲ. ಕೊಟ್ಟ ಉತ್ತರಗಳಲ್ಲಿ ಒಂದನ್ನು ಆರಿಸಿ ಒತ್ತಬೇಕು, ಅಷ್ಟೇ. ಕಥೆ ಬರೆದು ಬಹುಮಾನ ತೆಗೆದುಕೊಂಡವಳು ನಾನು. ಆ ಸಂಜೆ ನನ್ನ ಬರವಣಿಗೆಯ ಮೇಲೆ ನನಗೆ ಬಂದಷ್ಟು ಸಿಟ್ಟು ಮತ್ತೆಂದೂ ಬಂದಿಲ್ಲ. ವಕೀಲರೊಬ್ಬರನ್ನು ಕೇಳಿದೆವು, ನನ್ನ ಪ್ರೊಫೆಸರನ್ನು ಕೇಳಿದೆವು, ಜೆರಾರ್ಡ್ ಬೀದಿಯ ಒಬ್ಬ ವೀಸಾ ಏಜೆಂಟನನ್ನೂ ಕೇಳಿದೆವು. ಎಲ್ಲರೂ ಕೇಳಿಸಿಕೊಂಡರು. ಎಲ್ಲರೂ ಒಳ್ಳೆಯವರೇ. ಯಾರ ಕೈಯಲ್ಲೂ ಏನೂ ಇರಲಿಲ್ಲ.

ಪರ್ಮಿಟ್ಟು ಮುಗಿದು ಊರಿಗೆ ಹೊರಡುವ ಹಿಂದಿನ ದಿನ ಅವಳು ಚಂದ್ರನನ್ನು ಸೂಟ್‌ಕೇಸಿಗೆ ಹಾಕಿ, ಸೀರೆ ಸುತ್ತಿ, ಮತ್ತೆ ಹೊರಗೆ ತೆಗೆದಳು. ಇಲ್ಲಿಯ ದೀಪ ಅಲ್ಲಿಯ ಕರೆಂಟಿಗೆ ಹಚ್ಚಿದರೆ ಸುಟ್ಟುಹೋಗುತ್ತದೆಂದು ಮನೆ ಮಾಲೀಕ ಹೇಳಿದ್ದನಂತೆ. "ನೀನ ಇಟ್ಕೋ" ಅಂದಳು. ಏರ್‌ಪೋರ್ಟಿನಲ್ಲಿ ಅವಳು ಅಳಲಿಲ್ಲ. ಮನೆಯಲ್ಲಿ ಏನು ಹೇಳುತ್ತೀಯೆಂದು ಕೇಳಿದೆ. ರಜೆಗೆ ಬಂದಿದ್ದೇನೆ ಅನ್ನುತ್ತೇನೆ ಅಂದಳು. ಗಾಜಿನ ಬಾಗಿಲಿನ ಆಚೆ ಹೋದ ಮೇಲೆ ಒಮ್ಮೆ ತಿರುಗಿ, ಸ್ವೆಟರ್ ಗುಂಡಿ ಹಾಕಿಕೋ ಎಂದು ಕೈಸನ್ನೆ ಮಾಡಿದಳು...

ಊರಿಗೆ ಹೋದ ಸ್ವಲ್ಪ ದಿನಕ್ಕೆ ಫೋನ್ ಬಂತು. ಅಕ್ಕನ ದನಿ ಸಣ್ಣಗಾಗಿತ್ತು. ಮಗಳು ನನ್ನ ಜೊತೆ ಮಾತಾಡಬೇಕೆಂದು ಹಟ ಮಾಡುತ್ತಿದ್ದಾಳೆಂದು ಫೋನು ಕೊಟ್ಟಳು. ಮಗು ನನ್ನನ್ನು ಮೌಶಿ, ಅಂದರೆ ಚಿಕ್ಕಮ್ಮ, ಅನ್ನುತ್ತಿತ್ತು.

"ಮೌಶಿ, ನಮ್ಮ ಮನಿ ಕೀಲಿ ನಿಮ್ಮ ಕಡೆ ಐತೇನ್ರಿ?"

ಹಿಂದೆ ಅಕ್ಕ ಹತ್ತಿರ ಬಂದ ಹೆಜ್ಜೆಯ ಸಪ್ಪಳ ನನಗೆ ಕೇಳಿಸಿತು.

"ಹೌದು ಮಗಾ, ನನ್ನ ಹತ್ರವೇ ಉಂಟು" ಅಂದೆ.

"ಸಂಜಿಕ ದೀಪಾ ಹಚ್ಚತೀರಲ್ಲರಿ? ಮನಿ ಕತ್ತಲಾಗ ಇಡಬಾರದಂತ, ಆಯಿ ಹೇಳ್ಯಾಳ."

"ಹಚ್ತೇನೆ" ಅಂದೆ.

ಆಮೇಲೆ ಫೋನುಗಳು ಕಡಿಮೆಯಾದವು. ಆಯಿ ತೀರಿಹೋದಳೆಂದು ಒಮ್ಮೆ ಎರಡು ಸಾಲಿನ ಮೆಸೇಜು ಬಂತು. ಬೇರೆ ಊರಿಗೆ ಹೋಗುತ್ತಿದ್ದೇವೆಂದು ಇನ್ನೊಮ್ಮೆ. ಆಮೇಲೆ ಆ ನಂಬರಿಗೆ ನಾನು ಕಳಿಸಿದ ಯಾವುದೂ ತಲುಪಲಿಲ್ಲ. ಗುರುತಿದ್ದವರನ್ನು ಕೇಳಿದೆ, ಅಂಥ ಹೆಸರಿನವರು ಬೆಳಗಾವಿ ಕಡೆ ಊರು ತುಂಬ ಇದ್ದಾರೆ ಅಂದರು.

ನಾನು ಪಿಕರಿಂಗಿನ ಈ ಅಪಾರ್ಟ್‌ಮೆಂಟಿಗೆ ಬಂದ ದಿನ ಒಬ್ಬಳೇ ಹಾಲು ಉಕ್ಕಿಸಿದೆ. ನಮ್ಮ ಕಡೆಯ ಪೂಜೆಯ ಕ್ರಮವೆಲ್ಲ ಅಮ್ಮ ಫೋನಿನಲ್ಲಿ ಹೇಳುತ್ತಿದ್ದರು. ಇಲ್ಲಿಯೂ ಅಲಾರ್ಮು ಕಿರುಚಿತು. ನಗು ಬಂತು. ಜೊತೆಗೆ ನಗಲು ಯಾರೂ ಇರಲಿಲ್ಲ.

ಮೊನ್ನೆ ಸಂಪಾದಕರ ಪಟ್ಟಿಯ ನೆಪದಲ್ಲಿ ಆ ಅಂಗಡಿಗೆ ಹೋಗಿದ್ದೆ. ಈಗ ನನ್ನದೇ ಕಾರಿದೆ, ಬಯಸಿದ ಕುರ್ಚಿ ಕೊಳ್ಳುವ ಸಂಬಳವಿದೆ. ಮಕ್ಕಳ ಕೋಣೆ ಇದ್ದಲ್ಲಿ ಆಫೀಸು ಕೋಣೆ ಮಾಡಿದ್ದಾರೆ. ಬಿಳಿ ಮಂಚವಿಲ್ಲ, ಏಣಿಯಿಲ್ಲ. ನಾನು ಬೂಟು ಬಿಚ್ಚಿ ಕೈಯಲ್ಲಿ ಹಿಡಿದು ನಿಂತಿದ್ದೆ. ಏನಾದರೂ ಹುಡುಕುತ್ತಿದ್ದೀರಾ ಎಂದು ಅಂಗಡಿಯ ಹುಡುಗಿ ಬಂದು ಕೇಳಿದಳು. ಇಲ್ಲ ಅಂದೆ. ಏನೂ ಕೊಳ್ಳದೆ ಬಂದೆ.

ಆ ಮಗು ಈಗ ಹೈಸ್ಕೂಲು ಮುಗಿಸುವ ವಯಸ್ಸಿನವಳು. ಅಂಥ ಮನೆಯೇ ಇರಲಿಲ್ಲವೆಂದು ಅವಳಿಗೆ ಎಂದೋ ತಿಳಿದಿರುತ್ತದೆ. ತಿಳಿದ ದಿನ ತಾಯಿಯ ಮೇಲೆ ಕೂಗಾಡಿದಳೋ, ಸುಮ್ಮನೆ ಹೋಗಿ ಪಕ್ಕದಲ್ಲಿ ಮಲಗಿದಳೋ... ಅಕ್ಕ ಏನೆಂದಳೋ. ಹಾಲು ಖರೇನೇ ಉಕ್ಕಿತ್ತು, ನಾನು ಕಂಡಿದ್ದೇನೆ ಎಂದು ಆ ಹುಡುಗಿಗೆ ಹೇಳಬೇಕೆಂದು ನನಗೆ ತುಂಬ ಆಸೆ. ಹೇಳಲು ನಂಬರಿಲ್ಲ.

ಸಂಪಾದಕರು ಬೆಳಿಗ್ಗೆ ಮತ್ತೆ ಫೋನ್ ಮಾಡಿದ್ದರು. ಪಟ್ಟಿ ಅಲ್ಲೇ ಇದೆ, ಮಿಕ್ಸಿಯಿಂದ ಮುಂದೆ ಹೋಗಿಲ್ಲ. ಹೊರಗೆ ಆಗಲೇ ಕತ್ತಲು. ದೀಪ ಹಚ್ಚಬೇಕು, ಹಚ್ತೇನೆ ಅಂದಿದ್ದೆನಲ್ಲ.