ಎಡಗಾಲಿನ ಎಂಟು ಅಳತೆ

ನಿನ್ನೆ ಹುಕ್ಕೇರಿಯಿಂದ ಬಂದ ಪರಿಚಯದವರೊಬ್ಬರು ಹೊಸ ಚಪ್ಪಲಿಯ ಗಂಟು ತಂದುಕೊಟ್ಟು ಹೋದರು. ಇಂದು ಮುಂಜಾನೆ ಬಿಚ್ಚಿದೆ. ಚರ್ಮ ಮತ್ತು ಎಣ್ಣೆಯ ವಾಸನೆ ಪಡಸಾಲೆಯ ತುಂಬ ಹಬ್ಬಿ, ನಮ್ಮ ಮನೆಯವಳು ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೆ ಹೋದಳು. ನಾನು ಮೆಟ್ಟಿಕೊಂಡು ಒಂದು ಹೆಜ್ಜೆ ಇಟ್ಟೆ. ಬಲಗಾಲು ಸುಮ್ಮನಿತ್ತು. ಎಡಗಾಲು ‘ಟಪ್’ ಎಂದಿತು. ಹೊಸ ಚಪ್ಪಲಿ ಸಡಿಲಾದರೆ ಯಾರಿಗಾದರೂ ಸಿಟ್ಟು ಬರುತ್ತದೆ. ನಾನು ಆ ಸದ್ದು ಕೇಳುವುದಕ್ಕೆಂದೇ ಪಡಸಾಲೆಯಲ್ಲಿ ನಾಲ್ಕು ಸುತ್ತು ಹಾಕಿದೆ. ಯಾಕೆಂದು ತಿಳಿಯಬೇಕಾದರೆ ನೀವು ಸ್ವಲ್ಪ ಹೊತ್ತು ನನ್ನ ಎಡಗಾಲಿನ ಸಂಗಡ ಕೂಡಬೇಕು.

ಮೂವತ್ತು ವರ್ಷ ಮಾಸ್ತರಿಕೆ ಮಾಡಿದವನು ನಾನು. ನಿವೃತ್ತಿಯಾದ ಮೇಲೆ ಮೂಡಲಗಿಯಲ್ಲಿ ಆರಾಮವಾಗಿ ಕಾಲು ಚಾಚಿ ಕೂಡಬೇಕು ಎಂದುಕೊಂಡಿದ್ದೆ. ಚಾಚಿದಾಗಲೇ ಎಡಗಾಲು ಬಾತದ್ದು ಕಣ್ಣಿಗೆ ಬಿತ್ತು. ನನ್ನ ಕಣ್ಣಿಗಿಂತ ಊರವರ ಕಣ್ಣಿಗೆ ಜಾಸ್ತಿ ಬಿತ್ತು. ಬಾತ ಕಾಲು ಕಂಡರೆ ನಮ್ಮ ಜನರ ಹೆಬ್ಬೆರಳು ಸುಮ್ಮನಿರುವುದಿಲ್ಲ. ಹಾಲು ಹಾಕುವವನು ಕ್ಯಾನು ಕೆಳಗಿಟ್ಟು ಒತ್ತಿದ. ಬಾಜೂ ಮನೆಯ ಅಜ್ಜಿ ಕನ್ನಡಕ ಹಾಕಿಕೊಂಡು ಬಂದು ಒತ್ತಿದಳು. ಒತ್ತಿದ ಮೇಲೆ ಬೆರಳು ತೆಗೆದು, ಬಿದ್ದ ಕುಳಿ ಎಷ್ಟು ಹೊತ್ತಿಗೆ ತುಂಬುತ್ತದೆ ಎಂದು ಎಲ್ಲರೂ ಬಾವಿಯಲ್ಲಿ ಇಣುಕುವವರ ಹಾಗೆ ನೋಡುತ್ತಿದ್ದರು. ಆಮೇಲೆ ತೀರ್ಪು. ಒಬ್ಬರಿಗೆ ಅದು ಕಿಡ್ನಿ, ಇನ್ನೊಬ್ಬರಿಗೆ ಹೃದಯ, ಅಜ್ಜಿಗೆ ಮಾತ್ರ ಬದನೆಕಾಯಿಯ ನಂಜು.

ಕೊನೆಗೆ ಗೋಕಾಕದ ಡಾಕ್ಟರ್ ಬಾಯಿಯವರ ಹತ್ತಿರ ಹೋದೆ. ನನ್ನ ಮಗಳ ವಯಸ್ಸಿನವರು. ಅವರೂ ಮೊದಲು ಹೆಬ್ಬೆರಳಿನಿಂದಲೇ ಒತ್ತಿ ನೋಡಿದರು, ಹಾಲಿನವನ ಬಗ್ಗೆ ನನಗೆ ಗೌರವ ಹೆಚ್ಚಾಯಿತು. ಬಾವು ಯಾವಾಗಿನಿಂದ ಇದೆ ಎಂದು ಕೇಳಿದರು. ಹಾಜರಿ ಪುಸ್ತಕ ನೋಡಿ ಹೇಳುವವನ ಧಾಟಿಯಲ್ಲಿ, ಹೋದ ದಸರೆಯಿಂದ ಎಂದೆ. ಆ ಒಂದು ಉತ್ತರದ ಮೇಲೆ ಪರೀಕ್ಷೆಗಳು ಶುರುವಾದವು. ಜೀವನವಿಡೀ ಪರೀಕ್ಷೆ ನಡೆಸಿದವನು ಈಗ ಬೆಂಚಿನ ಈ ಕಡೆ ಕೂತೆ.

ರಕ್ತ ಕೊಟ್ಟೆ. ಹೃದಯದ ಫೋಟೋ ತೆಗೆಸಿದೆ. ಒಂದು ಹಗಲು ಒಂದು ರಾತ್ರಿಯ ಮೂತ್ರವನ್ನೆಲ್ಲ ಬಿಳಿ ಕ್ಯಾನಿನಲ್ಲಿ ಕೂಡಿಸಿ ತನ್ನಿ ಎಂದರು. ಅದನ್ನು ತೊಡೆಯ ಮೇಲಿಟ್ಟುಕೊಂಡು ಮೂಡಲಗಿಯಿಂದ ಗೋಕಾಕಕ್ಕೆ ಬಸ್ಸಿನಲ್ಲಿ ಹೊರಟಾಗ ಪಕ್ಕದವರು ಬೆಳಕಿಗೆ ಹಿಡಿದು ನೋಡಿದ ಹಾಗೆ ನೋಡಿ, “ಕುಸುಬಿ ಎಣ್ಣಿ ಏನ್ರಿ? ಗಾಣದ್ದು?” ಎಂದರು. ಮನೆಯದು ಎಂದೆ. ಸುಳ್ಳು ಹೇಳಿದಂತಾಗಲಿಲ್ಲ. ಕಾಲಿನ ರಕ್ತನಾಳದ ಸ್ಕ್ಯಾನು ಮಾಡುವಾಗ ತಣ್ಣಗಿನ ಅಂಟು ಬಳಿದು, ಕಾಲು ಸಡಿಲ ಬಿಡಿ ಎಂದು ನಾಲ್ಕು ಸಲ ಹೇಳಿದರು. ಬೇರೆಯವರು ಹೇಳಿದ ಕೂಡಲೇ ಸಡಿಲ ಬಿಡುವ ಅಭ್ಯಾಸ ಮಾಸ್ತರನ ಕಾಲಿಗೆ ಎಲ್ಲಿಂದ ಬರಬೇಕು, ನೀವೇ ಹೇಳಿ.

ಎಲ್ಲದರಲ್ಲೂ ಪಾಸಾದೆ. ಹಿಗ್ಗಿದೆ. ಡಾಕ್ಟರ್ ಹಿಗ್ಗಲಿಲ್ಲ. ಈ ವಯಸ್ಸಿನಲ್ಲಿ ಒಂದೇ ಕಾಲು ಏಕಾಏಕಿ ಬಾತು, ಕಾಲಿನಲ್ಲಿ ಕಾರಣ ಸಿಗದಿದ್ದರೆ, ಹೊಟ್ಟೆಯೊಳಗೆ ಏನಾದರೂ ಗಂಟು ಬೆಳೆದು ಒತ್ತುತ್ತಿದೆಯೇ ಎಂದು ನೋಡಬೇಕಾಗುತ್ತದೆ, ಬೆಳಗಾವಿಗೆ ಹೋಗಿ ದೊಡ್ಡ ಸ್ಕ್ಯಾನು ಮಾಡಿಸಿ ಎಂದರು. ‘ಗಂಟು’ ಎಂಬುದರ ಮುಂದೆ ಅವರು ಹೇಳಿದ್ದು ನನ್ನ ಕಿವಿಗೆ ಬೀಳಲಿಲ್ಲ. ಬಸ್ಸಿನ ಕಿಟಕಿಯಿಂದ ಕಬ್ಬಿನ ಟ್ರ್ಯಾಕ್ಟರುಗಳನ್ನು ನೋಡುತ್ತ ಬಂದೆ. ಹೆದರಿದ್ದೆ. ಸಾಯುವುದಕ್ಕೇ ಹೆದರಿದ್ದೆ, ಅದರಲ್ಲಿ ಮುಚ್ಚಿಡುವಂಥದ್ದೇನಿದೆ. ಮನೆಯಲ್ಲಿ ಮಾತ್ರ, ಇನ್ನೊಂದು ಫೋಟೋ ತೆಗೀಬೇಕಂತೆ ಎಂದಷ್ಟೇ ಹೇಳಿದೆ.

ಮರುದಿನ ಬೆಳಗಾವಿಗೆ ಹೋಗುವುದು ಬಿಟ್ಟು ಹುಕ್ಕೇರಿಗೆ ಹೋದೆ. ಅಂಥ ದೊಡ್ಡ ದವಾಖಾನೆಗೆ ಹರಿದ ಚಪ್ಪಲಿಯಲ್ಲಿ ಹೋಗುವುದು ಹೇಗೆ ಎಂಬುದು ನನಗೆ ನಾನೇ ಕೊಟ್ಟುಕೊಂಡ ನೆವ. ಹುಕ್ಕೇರಿ ಸಾಲೆಯಲ್ಲಿದ್ದಾಗಿನಿಂದ ನನ್ನ ಚಪ್ಪಲಿ ಮಾಡುವವನು ಯಲ್ಲಪ್ಪ. ನನಗಿಂತ ಹಿರಿಯ, ಬಹಳ ಮಾತಿನವನಲ್ಲ. ಊರು ಬದಲಾದರೂ ವರ್ಷಕ್ಕೊಮ್ಮೆ ಅವನಲ್ಲಿಗೇ ಹೋಗುತ್ತೇನೆ. ಪ್ರತಿಸಲವೂ ಹೊಸದಾಗಿ ಅಳತೆ ತೆಗೆಯಬೇಕು ಅವನಿಗೆ. ಹಳೆಯ ಕ್ಯಾಲೆಂಡರಿನ ಹಾಳೆ ಹಾಸಿ, ಅದರಲ್ಲಿ ದೇವರ ಚಿತ್ರವಿಲ್ಲವೆಂದು ಎರಡು ಸಲ ನೋಡಿ, ನಮ್ಮ ಪಾದ ಇಡಿಸಿ, ಸುತ್ತ ಪೆನ್ಸಿಲಿನಿಂದ ಗೆರೆ ಎಳೆಯುತ್ತಾನೆ. ಯಲ್ಲಪ್ಪನ ಚಪ್ಪಲಿ ಒಂದು ದಿನವೂ ಕಾಲು ಕಚ್ಚಿಲ್ಲ ಎಂದು ನಾನು ಎಲ್ಲರೆದುರು ಜಂಬ ಕೊಚ್ಚಿದ್ದೇ ಕೊಚ್ಚಿದ್ದು.

ಅಂದು ಎಡಗಾಲು ಇಟ್ಟು, ಹೋದ ದಸರೆಗೆ ಬಾವು ಬಂದಿದೆ, ಸ್ವಲ್ಪ ಅಗಲ ಮಾಡು ಎಂದೆ. ಪೆನ್ಸಿಲು ನಿಂತಿತು.

“ದಸರಾಕ್ಕ ಅಲ್ರಿ ಮಾಸ್ತರ,” ಎಂದ ಯಲ್ಲಪ್ಪ.

ತಗಡಿನ ಟ್ರಂಕಿನಿಂದ ಒಂದು ಸುರುಳಿ ತೆಗೆದು ಬಿಚ್ಚಿದ. ಎಂಟು ವರ್ಷದ ಎಂಟು ಹಾಳೆ. ಒಂದರ ಮೇಲೊಂದಿಟ್ಟು ಬಿಸಿಲಿಗೆ ಹಿಡಿದ. ಬಲಗಾಲು ಎಂಟರಲ್ಲೂ ಒಂದೇ. ಎಡಗಾಲಿನ ಗೆರೆ ಮಾತ್ರ ವರ್ಷ ವರ್ಷ ಒಂದೊಂದು ನೂಲು ಹೊರಗೆ ಸರಿಯುತ್ತ ಬಂದಿತ್ತು. ಅದಕ್ಕೆ ತಕ್ಕ ಹಾಗೆ ಅವನು ಎಡ ಚಪ್ಪಲಿಯನ್ನು ಸದ್ದಿಲ್ಲದೆ ಅಗಲ ಮಾಡುತ್ತ ಬಂದಿದ್ದ. ಕಚ್ಚದ ಚಪ್ಪಲಿಯ ಗುಟ್ಟು ಅದು. ಕಚ್ಚಿದ್ದರೆ ನನಗೆ ಎಂಟು ವರ್ಷದ ಹಿಂದೆಯೇ ತಿಳಿಯುತ್ತಿತ್ತು.

“ಒಂದ ಮಾತು ಹೇಳಬಾರದಿತ್ತೇನು, ಯಲ್ಲಪ್ಪಣ್ಣ?”

“ಗಿರಾಕಿ ಕಾಲಿಗಿ ಹೆಸರಿಡಬಾರದು ಅಂತ ನಮ್ಮಪ್ಪ ಕಲಿಸ್ಯಾನ್ರಿ. ಅಗಲ ಇದ್ದರ ಅಗಲ ಮಾಡೂದು, ಸೊಟ್ಟ ಇದ್ದರ ಸೊಟ್ಟ ಮಾಡೂದು.”

ನನಗೆ ಸಿಟ್ಟು ಬಂತು. ಮತ್ತೆ, ದಿನಾ ಆ ಕಾಲಿಗೆ ನೀರು ಹಾಕಿ ತಿಕ್ಕುತ್ತಿದ್ದವನು ನಾನೇ ಅಲ್ಲವೇ ಎಂಬುದು ನೆನಪಾಗಿ ಸಿಟ್ಟು ಇಳಿಯಿತು. ಇನ್ನು ಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳಬೇಕು ಎಂದು ಅವನಿಂದ ಮಾತು ತೆಗೆದುಕೊಂಡೆ. ಹಾಗಾದರೆ ನೀವೂ ಹೇಳಬೇಕು ಎಂದು ಅವನು ನನ್ನಿಂದ ತೆಗೆದುಕೊಂಡ.

ಆ ಸುರುಳಿ ಹಿಡಿದು ನೆಟ್ಟಗೆ ಗೋಕಾಕಕ್ಕೆ ಹೋದೆ. ಡಾಕ್ಟರ್ ಬಾಯಿಯವರು ಯಾವ ರಿಪೋರ್ಟನ್ನೂ ಅಷ್ಟು ಹೊತ್ತು ನೋಡಿರಲಿಲ್ಲ. ಪ್ರತಿ ಹಾಳೆಯಲ್ಲೂ ವರ್ಷ ಅಚ್ಚಾಗಿತ್ತು, ಜೊತೆಗೆ ಏಕಾದಶಿ, ಅಮಾವಾಸ್ಯೆಗಳೂ. ಇಷ್ಟು ವರ್ಷದಿಂದ ಇಷ್ಟು ನಿಧಾನವಾಗಿ ಬಂದ ಬಾವು ಎಂದರೆ ಬೇರೆ ಮಾತು, ನಿಂತು ನಿಂತು ದಣಿದ ಕಾಲು, ನೀರನ್ನು ಮೇಲೆ ಕಳಿಸಲು ಸೋತಿದೆ, ದೊಡ್ಡ ಸ್ಕ್ಯಾನು ಸದ್ಯಕ್ಕೆ ಬೇಡ, ಆದರೆ ಇದು ಜೀವನಪೂರ್ತಿ ನಿಮ್ಮ ಸಂಗಡ ಇರುತ್ತದೆ ಎಂದರು. ಇರಲಿ ಎಂದೆ. ಹೊರಗೆ ಬಂದು ಬೆಂಚಿನ ಮೇಲೆ ಕೂತು ಸ್ವಲ್ಪ ಅತ್ತೆ. ಪಕ್ಕದಲ್ಲಿದ್ದ ಹೆಂಗಸು ಸಮಾಧಾನ ಮಾಡಲು ಬಂದವಳು ಕಾಲು ನೋಡಿ ಹೆಬ್ಬೆರಳು ಇಟ್ಟೇಬಿಟ್ಟಳು.

ಆವತ್ತಿನಿಂದ, ಬಾವು ಒತ್ತಿ ಹಿಡಿಯಲೆಂದು ಡಾಕ್ಟರ್ ಬರೆದುಕೊಟ್ಟ ಬಿಗಿಯಾದ ಉದ್ದ ಕಾಲುಚೀಲ. ಹಾಸಿಗೆಯಿಂದ ಇಳಿಯುವ ಮೊದಲೇ ಏರಿಸಬೇಕು. ನಮ್ಮ ಮನೆಯವಳು ಒಂದು ಕಡೆಯಿಂದ ಎಳೆಯುತ್ತಾಳೆ, ನಾನು ಇನ್ನೊಂದು ಕಡೆ ಗೋಡೆ ಹಿಡಿದಿರುತ್ತೇನೆ. ಗಂಟಿನ ಸಂಗತಿ ಮುಚ್ಚಿಟ್ಟಿದ್ದಕ್ಕೆ ಬೈಗುಳವೂ ಆಗಲೇ ಸಂದಾಯವಾಗುತ್ತದೆ. ಉಪ್ಪು ಕಮ್ಮಿ ಮಾಡಿದ ಝುಣಕದ ಬಗ್ಗೆ ನಾನು ಏನೂ ಬರೆಯುವುದಿಲ್ಲ.

ಇಷ್ಟಾದ ಮೇಲೆ, ಆ ದಿನದ ಅಳತೆಗೆ ಹೊಲಿದ ಹೊಸ ಜೋಡಿನಲ್ಲಿ ಇಂದಿನ ‘ಟಪ್’. ಹಳೆಯ ಜೋಡನ್ನು ಚೀಲದಲ್ಲಿಟ್ಟುಕೊಂಡು, ಹೊಸದನ್ನು ಮೆಟ್ಟಿಕೊಂಡು ಹುಕ್ಕೇರಿಗೆ ಬಂದೆ. ಯಲ್ಲಪ್ಪನಿಗೆ ಈಗ ಕಣ್ಣು ಮಸುಕು. ಸೂಜಿ ಪೋಣಿಸಲು ತಡವರಿಸುತ್ತಿದ್ದ. ಸಡಿಲವಾಗಿದೆ ಎಂದರೆ ಹೊಲಿಗೆಯನ್ನೆಲ್ಲ ಬಿಚ್ಚಿ ಕೂಡುತ್ತಾನಲ್ಲ ಅನಿಸಿತು. ಹೇಗಿವೆ ಎಂದು ಕೇಳಿದ.

“ಬರೋಬ್ಬರಿ ಅದಾವ,” ಎಂದೆ.

ಅವನು ನನ್ನ ಮುಖ ನೋಡಲಿಲ್ಲ. ಚಪ್ಪಲಿಯ ಪಟ್ಟಿ ಮತ್ತು ಪಾದದ ನಡುವೆ ಬೆರಳು ತೂರಿಸಿದ. ಬೆರಳು ಸಲೀಸಾಗಿ ಹೋಯಿತು.

“ಇದ್ದದ್ದ ಇದ್ದಂಗ ಹೇಳೂದಂತ ಮಾತಾಗಿತ್ತಲ್ರಿ ಮಾಸ್ತರ.”

“ಸಡ್ಲ ಐತಿ, ಯಲ್ಲಪ್ಪಣ್ಣ.”

ಈ ಸಲ ಹೊಸ ಹಾಳೆ ಹಾಸಲಿಲ್ಲ. ಕಳೆದ ಸಲದ ಹಾಳೆಯನ್ನೇ ತೆಗೆದು, ಅದೇ ಗೆರೆಯ ಮೇಲೆ ಎಡಗಾಲು ಇಡಿಸಿದ. ಹಿಮ್ಮಡಿಯಿಂದ ಪೆನ್ಸಿಲು ಹೊರಟಿತು. ಒಂದು ಸುತ್ತು ಬಂದು ಹಿಮ್ಮಡಿಗೇ ಮರಳಿತು. ಎಂಟು ವರ್ಷ ಹೊರಹೊರಗೇ ಹೋಗುತ್ತಿದ್ದ ಗೆರೆ ಇಂದು ಹಳೆಯದರ ಒಳಗೆ ಬಿದ್ದಿತ್ತು.

ಎಡ ಚಪ್ಪಲಿಯನ್ನು ಯಲ್ಲಪ್ಪ ಬಿಚ್ಚಲು ಇಟ್ಟುಕೊಂಡ. ಬಲಗಾಲಿಗೆ ಹೊಸದು, ಎಡಗಾಲಿಗೆ ಹಳೆಯದು ಮೆಟ್ಟಿಕೊಂಡು ಬಸ್ಸು ಹತ್ತಿದೆ. ಎದುರು ಕೂತ ಹಿರಿಯರು ನನ್ನ ಪಾದಗಳನ್ನು ನೋಡಿದರು, ಕಾಲುಚೀಲ ನೋಡಿದರು. ಅವರ ಹೆಬ್ಬೆರಳು ಮೊಣಕಾಲಿನ ಮೇಲೆ ಸಣ್ಣಗೆ ಅಲುಗಾಡುತ್ತಿತ್ತು. ನಾನೇ ಎಡಗಾಲನ್ನು ಮುಂದೆ ಚಾಚಿ, “ಒತ್ತಿ ನೋಡ್ರಿ,” ಎಂದೆ.