ಮೈಕ್ ವಿರೂಪಣ್ಣನ ಎಡಗಿವಿ

ಹೋದ ವಾರ ಕೊಪ್ಪಳದಲ್ಲಿ ಕಿವಿ ತೋರಿಸಲು ಹೋಗಿದ್ದೆ. ಒಂದು ಮಾತನ್ನು ಎರಡು ಸಲ ಹೇಳಬೇಕಾಗುತ್ತದೆಂದು ಹೆಂಡತಿಯ ದೂರು. ಎರಡನೆಯ ಸಲ ಹೇಳುವಾಗ ಅವಳ ದನಿ ಏರುತ್ತದೆ, ಏರಿದ ದನಿಗೆ ನನಗೆ ಸಿಟ್ಟು ಬರುತ್ತದೆ. ಕಿವಿಯ ಕಾಯಿಲೆ ಸಂಸಾರದ ಕಾಯಿಲೆಯಾಗುವ ಮೊದಲೇ ತೋರಿಸಿಬಿಡೋಣವೆಂದು ಹೊರಟೆ. ಅಲ್ಲಿ ನನ್ನನ್ನು ಬೀರುವಿನಂಥ ಸಣ್ಣ ಕೋಣೆಯಲ್ಲಿ ಕೂರಿಸಿ, ತಲೆಗೆ ದಪ್ಪ ಹೆಡ್‌ಫೋನ್ ಏರಿಸಿ, "ಸೌಂಡ್ ಕೇಳಿದ ಕೂಡ್ಲೆ ಈ ಬಟನ್ ಒತ್ರಿ" ಎಂದು ಹೇಳಿ ಬಾಗಿಲು ಹಾಕಿಕೊಂಡರು. ಹಳೆಯ ಸ್ಪಂಜಿನ, ಯಾರದೋ ಬೆವರಿನ, ತಲೆಗೆ ಹಚ್ಚುವ ಎಣ್ಣೆಯ ವಾಸನೆ. ಸದ್ದು ಯಾವುದೂ ಇನ್ನೂ ಬಂದಿರಲಿಲ್ಲ. ಆ ವಾಸನೆಗೆ ನೆನಪಾಗಿ ಬಂದವನು ವಿರೂಪಣ್ಣ.

ಇಪ್ಪತ್ತು ವರ್ಷಗಳ ಹಿಂದಿನ ಕಾರಟಗಿ ನಿಮಗೆ ಗೊತ್ತಿದ್ದರೆ ಅವನ ದನಿಯೂ ಗೊತ್ತಿರುತ್ತದೆ. ಮುಖ ಗೊತ್ತಿರಲಿಕ್ಕಿಲ್ಲ. ಆಟೋದ ಮೇಲೆ ಹಾರ್ನು ಕಟ್ಟಿ, ಹಿಂದಿನ ಸೀಟಿನಲ್ಲಿ ಮೈಕು ಹಿಡಿದು ಕೂತು ಸುತ್ತಲಿನ ಊರೆಲ್ಲ ತಿರುಗುತ್ತಿದ್ದ. ಟಾಕೀಸಿಗೆ ಬಂದ ಹೊಸ ಸಿನಿಮಾ, ಸೀರೆ ಅಂಗಡಿಯ ರಿಯಾಯಿತಿ, ಕಾಲುವೆಗೆ ನೀರು ಬಿಡುವ ದಿನ, ತಪ್ಪಿಸಿಕೊಂಡ ಮಗು, ಎಲ್ಲವೂ ಅವನ ಬಾಯಿಂದಲೇ ಊರಿಗೆ ತಿಳಿಯಬೇಕು. ಸಾವಿನ ಸುದ್ದಿಗೆ ಮಾತ್ರ ಅವನು ದನಿ ಇಳಿಸುತ್ತಿದ್ದ. "ಸಮಸ್ತ ನಾಗರಿಕ ಬಂಧುಗಳಲ್ಲಿ…" ಎಂದು ಆ ಇಳಿದ ದನಿ ಶುರುವಾದರೆ ರೈಸ್ ಮಿಲ್ಲಿನ ಹಮಾಲರು ಬೆನ್ನ ಮೇಲೆ ಚೀಲ ಇದ್ದಹಾಗೇ ನಿಂತುಬಿಡುತ್ತಿದ್ದರು. ಹೆಸರು ಕೇಳಿಸಿಕೊಂಡ ಮೇಲೆಯೇ ಮುಂದಿನ ಹೆಜ್ಜೆ.

ನಾನಾಗ ಅಲ್ಲಿ ಕಂಪ್ಯೂಟರ್ ಕಲಿಸುವ ಅಂಗಡಿ ಇಟ್ಟಿದ್ದೆ. ಕಲಿಯುವವರಿಗಿಂತ ಮದುವೆ ಕಾರ್ಡು ಮಾಡಿಸುವವರೇ ಹೆಚ್ಚು ಬರುತ್ತಿದ್ದರು. ಆದರೂ ಎಲ್ಲರೂ ಮಾಸ್ತರ ಎನ್ನುತ್ತಿದ್ದರು, ಊರಿನಲ್ಲಿ ಯಾರ ಕಂಪ್ಯೂಟರ್ ಕೆಟ್ಟರೂ ನನ್ನನ್ನೇ ಕರೆಯುತ್ತಿದ್ದರು. ನನಗೆ ಗೊತ್ತಿದ್ದ ಚಿಕಿತ್ಸೆ ಒಂದೇ: ಆರಿಸಿ ಮತ್ತೆ ಹಚ್ಚುವುದು. ಅದೇ ಸಾಕಾಗುತ್ತಿತ್ತು.

ಒಂದು ಮಧ್ಯಾಹ್ನ ವಿರೂಪಣ್ಣ ತನ್ನ ಮೈಕು, ಆಂಪ್ಲಿಫೈಯರ್ ಎರಡನ್ನೂ ಹೊತ್ತುಕೊಂಡು ಬಂದ.

"ಮಾಸ್ತರ, ಮುಂಜಾನಿಂದ ಸಂಜಿತನ ಒದರಿ ಒದರಿ ಗಂಟಲ ಹರದು ಹೋಗೈತ್ರಿ. ಒಮ್ಮಿ ಹೇಳಿದ್ದನ್ನ ಈ ನಿಮ್ಮ ಡಬ್ಬಿ ಕೇಳಿಸ್ಕೊಂಡು ಇಟ್ಕೊಂತೈತಂತಲ್ಲ? ಆಮ್ಯಾಲ ಅದ ಒದರ್ಲಿ, ನಾ ಸುಮ್ನ ಕುಂದರತೀನಿ."

ಕಂಪ್ಯೂಟರಿನ ಬೆನ್ನಿನಲ್ಲಿ ಮೂರು ಬಣ್ಣದ ಮೂರು ತೂತುಗಳಿರುವುದನ್ನು ನೀವೂ ನೋಡಿರಬಹುದು. ಗುಲಾಬಿ ಬಣ್ಣದ್ದು ಮೈಕಿಗೆ, ನೀಲಿಯದು ಹೊರಗಿನ ಯಂತ್ರದಿಂದ ಬರುವ ದನಿಗೆ, ಹಸಿರಿನದು ಹೊರಹೋಗುವ ದನಿಗೆ. ಇಷ್ಟು ಗೊತ್ತಿದ್ದರೆ ಎಲ್ಲ ಗೊತ್ತಿದ್ದಂತೆ ಎಂದು ನನ್ನ ನಂಬಿಕೆ. ವಿರೂಪಣ್ಣನಿಗೆ ತನ್ನ ಮೈಕು ತನ್ನ ಆಂಪ್ಲಿಫೈಯರಿನ ಮೂಲಕವೇ ಹೋಗಬೇಕು, ಇಲ್ಲದಿದ್ದರೆ ದನಿಗೆ ತೂಕ ಬರುವುದಿಲ್ಲವೆಂಬ ಹಟ. ಸರಿ ಎಂದು ಹಾರ್ನಿಗೆ ಹೋಗುವ ವೈರನ್ನೇ ತಂದು ನೀಲಿ ತೂತಿಗೆ ಸಿಗಿಸಿದೆ. ಇಡೀ ಊರಿಗೆ ಕೇಳಿಸುವ ಬಲವನ್ನು ಕಡ್ಡಿಗಾತ್ರದ ತೂತಿಗೆ ಸುರಿದರೆ ಏನಾಗಬೇಕೋ ಅದೇ ಆಯಿತು. ಸುಟ್ಟ ವಾಸನೆ ಬಂತು, ಕಂಪ್ಯೂಟರ್ ಮೂಕವಾಯಿತು.

"ಇದರ ಗಂಟಲಾನೂ ಹರೀತೇನ್ರಿ?" ಎಂದ ವಿರೂಪಣ್ಣ.

ಗಂಗಾವತಿಗೆ ಹೋಗಿ ಹೊಸ ಸೌಂಡ್ ಕಾರ್ಡ್ ತಂದೆ. ಡಬ್ಬಿ ಬಿಚ್ಚಿ, ಧೂಳು ಊದಿ, ಕಾರ್ಡನ್ನು ಅದರ ಸೀಳಿನಲ್ಲಿ ಕೂರಿಸಿ ಸ್ಕ್ರೂ ಬಿಗಿದೆ. ಈ ಸಲ ಬುದ್ಧಿ ಬಂದಿತ್ತು. ಆಂಪ್ಲಿಫೈಯರಿನ ಹಿಂದೆ ಸಣ್ಣ ದನಿ ಹೊರಬಿಡುವ ಬೇರೆ ತೂತು ಇದ್ದದ್ದನ್ನು ಹುಡುಕಿ ಅಲ್ಲಿಂದ ವೈರು ಎಳೆದೆ. ಮಾತಿನ ಹಿಂದೆ ಗುಂಯ್ ಎಂಬ ಸದ್ದು ಬಂತು. ಹಿತ್ತಿಲಲ್ಲಿ ಅರ್ಥಿಂಗ್ ಗುಂಡಿಗೆ ಎರಡು ಕೊಡ ನೀರು ಹಾಕಿದ ಮೇಲೆ ಅದು ಅಡಗಿತು. ಕೊನೆಗೆ ಮೈಕು ಹಚ್ಚಿದರೆ ಎದುರಿನ ಸ್ಪೀಕರು ಚೀರತೊಡಗಿತು. ಸ್ಪೀಕರಿನ ದನಿ ಮತ್ತೆ ಮೈಕಿಗೆ ಹೋಗದಿರಲೆಂದು ಸ್ಪೀಕರ್ ಕಿತ್ತು ಹಸಿರು ತೂತಿಗೆ ಹೆಡ್‌ಫೋನ್ ಹಾಕಿ ಅವನ ತಲೆಗೆ ಏರಿಸಿದೆ.

ಅವನು ಮಾತಾಡಿದ, ನಾನು ಅದನ್ನು ಮರಳಿ ಹಚ್ಚಿದೆ. ತನ್ನ ದನಿಯನ್ನು ತಾನೇ ಅಷ್ಟು ಹತ್ತಿರದಿಂದ ಅವನು ಎಂದೂ ಕೇಳಿರಲಿಲ್ಲ. ಕಣ್ಣು ಮುಚ್ಚಿ ಕೇಳಿದ. ಆಮೇಲೆ ಎಡಗಡೆಯ ಬಟ್ಟಲನ್ನು ಬೆರಳಿಂದ ಬಡಿದು, "ಈ ಕಡಿ ಬರವಲ್ದು ನೋಡ್ರಿ" ಎಂದ.

ಪಿನ್ನು ತಿರುವಿದೆ. ವೈರು ಬದಲಿಸಿದೆ. ಪರದೆಯ ಮೇಲೆ ಎಡ–ಬಲದ ಗೆರೆ ಸರಿಸಿದೆ. ಡ್ರೈವರ್ ಸಾಫ್ಟ್‌ವೇರ್ ಅಳಿಸಿ ಮತ್ತೆ ಹಾಕಿದೆ, ಆರಿಸಿ ಮತ್ತೆ ಹಚ್ಚಿದೆ. "ಬರವಲ್ದು." ಮರುದಿನ ಬೇರೆ ಹೆಡ್‌ಫೋನ್ ತಂದೆ. "ಬರವಲ್ದು ಮಾಸ್ತರ." ಗಂಗಾವತಿಯ ಅಂಗಡಿಯವನ ಹತ್ತಿರ ಜಗಳವಾಡಿ ಕಾರ್ಡನ್ನೇ ಬದಲಿಸಿ ತಂದೆ. ಆಗಲೂ ಇಲ್ಲ. ಬೇಸತ್ತು ಹೆಡ್‌ಫೋನನ್ನು ನನ್ನ ತಲೆಗೆ ಹಾಕಿಕೊಂಡೆ. ಎರಡೂ ಕಡೆ ವಿರೂಪಣ್ಣ ಸ್ವಚ್ಛವಾಗಿ ಮಾತಾಡುತ್ತಿದ್ದ.

ಅದನ್ನು ಅದಲುಬದಲು ಮಾಡಿ, ಬಲದ ಬಟ್ಟಲು ಎಡಗಿವಿಗೆ ಬರುವಂತೆ ಅವನಿಗೆ ಹಾಕಿದೆ.

"ಈಗ್ರಿ?"

"ಎಡಗಡಿ ಬರವಲ್ದು," ಎಂದವನು ನನ್ನ ಮುಖ ನೋಡಿದ. ನೋಡುತ್ತಲೇ ಹೆಡ್‌ಫೋನ್ ತೆಗೆದು, ತಾನೇ ತಿರುಗಿಸಿ ಹಾಕಿಕೊಂಡ. ಮತ್ತೆ ತಿರುಗಿಸಿದ. ಆಮೇಲೆ ಮೇಜಿನ ಮೇಲಿಟ್ಟು, ವೈರನ್ನು ನೀಟಾಗಿ ಸುತ್ತಿದ.

"ಅಂದ್ರ ನಿಮ್ಮ ಸಾಮಾನೆಲ್ಲ ಛಲೋ ಅದಾವು."

ಅವನೊಡನೆ ಮನೆಗೆ ಹೋದೆ. ಅವನ ಹೆಂಡತಿ ಹುಲಿಗೆಮ್ಮ ಚಹಾ ತಂದುಕೊಟ್ಟು ಅವನ ಎಡಕ್ಕೆ ಬಂದು ಬಾಗಿಲಿಗೆ ಒರಗಿ ನಿಂತಳು. ಹೇಗೆ ಹೇಳುವುದೆಂದು ನಾನು ತಡವರಿಸುವಾಗ ಅವಳೇ ಮಾತು ತೆಗೆದಳು.

"ಕಿವಿ ಸುದ್ದೇನ್ರಿ? ಗೊತ್ತೈತ್ರಿ ನನಗ. ಈ ಕಡಿಂದ ಕರದ್ರ ಓ ಅನ್ನಂಗಿಲ್ಲ. ಅದಕ ಊಟಕ್ಕ ಕುಂತ್ರ, ಮಕ್ಕೊಂಡ್ರ, ಯಾವತ್ತೂ ನಾ ಬಲಕ್ಕ."

"ಮತ್ತ ಅವರಿಗೆ ಯಾಕ ಹೇಳಲಿಲ್ರಿ?"

"ಹೇಳಿದ್ರ ಮೈಕ್ ಬಿಡಬೇಕಾಗ್ತಿತ್ರಿ. ಆ ದನಿ ಒಂದ ಐತ್ರಿ ಅವ್ರ ಹತ್ರ. ಅದನ್ನ ಕಸ್ಗೊಳ್ಳಾಕ ನನಗ ಬಾಯಿ ಬರ್ಲಿಲ್ಲ."

ಇಷ್ಟನ್ನೂ ಅವಳು ಅವನ ಎಡಗಿವಿಯ ಹತ್ತಿರವೇ ನಿಂತು, ದನಿ ತಗ್ಗಿಸಿ ಆಡಿದಳು. ಅವನು ತಲೆ ಬಗ್ಗಿಸಿ ಚಹಾ ಕುಡಿಯುತ್ತಲೇ ಇದ್ದ.

ಬಳ್ಳಾರಿಯ ದೊಡ್ಡಾಸ್ಪತ್ರೆಗೆ ಕರೆದೊಯ್ದೆವು. ವರ್ಷಗಟ್ಟಲೆ ಹಾರ್ನಿನ ಕೆಳಗೆ ಕೂತು ಎಡಗಿವಿಯ ನರ ಸತ್ತಿದೆ, ಯಂತ್ರ ಹಚ್ಚಿದರೂ ಉಪಯೋಗವಿಲ್ಲ, ಬಲಗಿವಿಯೂ ಅದೇ ದಾರಿ ಹಿಡಿದಿದೆ ಎಂದರು. ಬಸ್ಸಿನಲ್ಲಿ ವಾಪಸು ಬರುವಾಗ ವಿರೂಪಣ್ಣ ಕಿಟಕಿಯ ಹೊರಗಿನ ಭತ್ತದ ಗದ್ದೆಗಳನ್ನು ನೋಡುತ್ತ ಕೂತಿದ್ದ. ಕೊನೆಗೆ ಹೇಳಿದ:

"ಬಲಗಿವಿ ಇರೂತನ ಎಲ್ಲಾ ಡಬ್ಬ್ಯಾಗ ತುಂಬಿಡೂಣ್ರಿ. ಕಿವುಡ ಆದಮ್ಯಾಲ ನನ್ನ ದನಿ ಕೆಟ್ರ ನನಗ ಹೆಂಗ ತಿಳೀಬೇಕು?"

ಹಾಗೆ ಶುರುವಾಯಿತು. ದಿನಾ ಮಧ್ಯಾಹ್ನ ಬಂದು ಹೆಡ್‌ಫೋನಿನ ಬಲ ಬಟ್ಟಲನ್ನು ಕಿವಿಗೆ ಒತ್ತಿಕೊಂಡು ಕೂರುತ್ತಿದ್ದ. ವಾರದ ಹೆಸರುಗಳು, ಊರುಗಳ ಹೆಸರುಗಳು, ಮುಂಜಾನೆ, ಸಾಯಂಕಾಲ, ಇವರ ಧರ್ಮಪತ್ನಿ, ಇವರ ಹಿರಿಯ ಮಗ, ದೈವಾಧೀನರಾಗಿರುತ್ತಾರೆ. ಬೇಕಾದಾಗ ನಾನು ಕತ್ತರಿಸಿ ಜೋಡಿಸಿದರಾಯಿತು. ಆಮೇಲೆ ನಮ್ಮ ಸೀಮೆಯ ಹೆಸರುಗಳು: ಶರಣಪ್ಪ, ಯಮನೂರಪ್ಪ, ಹನುಮವ್ವ, ದುರುಗಮ್ಮ. ಒಂದೊಂದನ್ನೂ ಆ ಇಳಿದ ದನಿಯಲ್ಲಿ ಹೇಳುತ್ತಿದ್ದ, ಬದುಕಿದ್ದವರೆಲ್ಲ ಸತ್ತಂತೆ ಅನಿಸುತ್ತಿತ್ತು. ಹುಲಿಗೆಮ್ಮ ಎಂಬ ಹೆಸರು ನಮ್ಮಲ್ಲಿ ಓಣಿಗೆ ನಾಲ್ಕು. ಅದು ಬಂದಾಗ ಮೈಕಿಗೆ ಕೈ ಅಡ್ಡ ಹಿಡಿದ.

"ಅದು ಬ್ಯಾಡ್ರಿ. ಮುಂದಕ್ಕ ಹೋಗೂಣು."

ಕೆಲವು ವರ್ಷ ಹೀಗೇ ನಡೆಯಿತು. ಆಟೋದಲ್ಲಿ ಅವನ ದನಿ ತಿರುಗಿತು, ಅವನ ಕಿವಿ ಆರಿತು. ಪೂರ್ತಿ ಕೇಳದಾದ ಮೇಲೂ ಬಂದು ಹೆಡ್‌ಫೋನ್ ಹಾಕಿಕೊಂಡು ಕೂತು, ಪರದೆಯ ಮೇಲೆ ದನಿಗೆ ತಕ್ಕಂತೆ ಏರಿಳಿಯುವ ಹಸಿರು ಪಟ್ಟಿಗಳನ್ನು ನೋಡುತ್ತಿದ್ದ. ನಾನು ದಪ್ಪಕ್ಷರದಲ್ಲಿ ಟೈಪು ಮಾಡಿದ್ದನ್ನು ಓದಿ ಉತ್ತರ ಕೊಡುತ್ತಿದ್ದ. ಅವನ ಮಾತು ಆಗಲೇ ಅಂಕೆ ತಪ್ಪಿತ್ತು. ಒಂದು ಶಬ್ದ ಕಿರುಚಿದಂತೆ, ಇನ್ನೊಂದು ಗಂಟಲಲ್ಲೇ ಸತ್ತಂತೆ.

ಒಂದು ಬೇಸಿಗೆ ಹುಲಿಗೆಮ್ಮನಿಗೆ ಕಾಮಾಲೆಯಾಯಿತು. ನಾಟಿ ಔಷಧವೆಂದು ದಿನ ಕಳೆದರು. ಗಂಗಾವತಿಗೆ ಒಯ್ಯುವಾಗಲೇ ತಡವಾಗಿತ್ತು. ಹೆಣ ಮನೆಗೆ ಬಂದ ಬೆಳಿಗ್ಗೆ ವಿರೂಪಣ್ಣ ನನ್ನ ಅಂಗಡಿಗೆ ಬಂದು ಕುರ್ಚಿಯಲ್ಲಿ ಕೂತ. ನಾನು ಉಳಿದದ್ದನ್ನೆಲ್ಲ ಜೋಡಿಸಿದೆ. ನಡುವೆ ಒಂದು ಕಡೆ ಖಾಲಿ ಇತ್ತು. "ಹೆಸರು ಇಲ್ಲ. ನಾನು ಹೇಳಲೇ?" ಎಂದು ಟೈಪು ಮಾಡಿದೆ.

"ನಾನ ಹೇಳತೀನಿ."

ಮೈಕಿನ ಮುಂದೆ ಬಾಗಿ, ಪಟ್ಟಿಗಳ ಮೇಲೆ ಕಣ್ಣಿಟ್ಟು, ಹೆಂಡತಿಯ ಹೆಸರು ಹೇಳಿದ. ಪಟ್ಟಿಗಳು ಕೆಂಪಿಗೆ ಹೋದವು. ದನಿ ಇಳಿಸಿ ಹೇಳುತ್ತಿದ್ದೇನೆಂದು ಅವನು ತಿಳಿದಿದ್ದ. ಬಂದದ್ದು ಮಾತ್ರ ಬಾವಿಯಲ್ಲಿ ಬಿದ್ದವರು ಕೂಗಿದ ಹಾಗಿತ್ತು.

"ಸರಿ ಬಂತೇನ್ರಿ?"

ನಾನು ಹೂಂ ಎಂದು ತಲೆಯಾಡಿಸಿದೆ.

ಆ ದಿನ ಆಟೋ ಊರು ಸುತ್ತಿತು. ಸಮಸ್ತ ನಾಗರಿಕ ಬಂಧುಗಳಲ್ಲಿ ಎಂದು ಆ ಹಳೆಯ, ಹದವಾದ ದನಿ ಶುರುಮಾಡುತ್ತಿತ್ತು. ನಡುವೆ ಆ ಕೂಗು. ಮತ್ತೆ ಅದೇ ಹದವಾದ ದನಿ ದೈವಾಧೀನರಾಗಿರುತ್ತಾರೆ ಎನ್ನುತ್ತಿತ್ತು. ಜನ ಮನೆಯೊಳಗಿಂದ ಹೊರಗೆ ಬಂದು ನಿಂತರು. ಆಮೇಲೆ ಅವನು ಮೈಕು ಮುಟ್ಟಲಿಲ್ಲ.

ನಾನು ಅಂಗಡಿ ಮುಚ್ಚಿ ಗಂಗಾವತಿಗೆ ಬಂದು ನೆಲೆಸಿ ಬಹಳ ಕಾಲವಾಯಿತು. ಕೊಪ್ಪಳದ ಡಾಕ್ಟರು ನನ್ನದು ವಯಸ್ಸಿನ ಮಂದತನ, ಹೆದರಬೇಡಿ ಎಂದರು. ಬಸ್ಸು ಗಂಗಾವತಿಗೆ ಬಂದಾಗ ಇಳಿಯಬೇಕಾದವನು ಇಳಿಯಲಿಲ್ಲ, ಕಾರಟಗಿಗೆ ಹೋದೆ.

ಅವನು ಮಗಳ ಮನೆಯಲ್ಲಿದ್ದಾನೆ. "ಮಾತಾಡೋದ ಬಿಟ್ಟಾರ್ರಿ," ಎಂದಳು ಮಗಳು. "ದನಿ ಜೋರು ಬರ್ತೈತಿ, ಓಣ್ಯಾಗಿನ ಹುಡುಗ್ರು ನಗತಾವು." ಅವನು ಹೊರಗೆ ಕಲ್ಲುಹಾಸಿನ ಮೇಲೆ ಕೂತಿದ್ದ. ನನ್ನನ್ನು ಕಂಡು ಮುಖ ಅರಳಿತು, ಮರುಗಳಿಗೆಯಲ್ಲೇ ಬಾಡಿತು.

"ಊರಾಗ ಯಾರ್ಯಾರ್ ಹೋದ್ರು ಮಾಸ್ತರ? ನನಗ ಯಾರೂ ಹೇಳಂಗಿಲ್ಲ."

ಮಗಳು ಒಳಗಿಂದ ಸೀಮೆಸುಣ್ಣದ ತುಂಡು ತಂದುಕೊಟ್ಟಳು. ತೀರಿಕೊಂಡವರಲ್ಲಿ ನನಗೆ ಗೊತ್ತಿದ್ದ ಒಂದು ಹೆಸರನ್ನು ಕಲ್ಲಿನ ಮೇಲೆ ಬರೆದೆ. ಅವನು ಬಗ್ಗಿ ಓದಿದ. ಆಮೇಲೆ ತಲೆಯೆತ್ತಿ, ಓಣಿಯ ಕಡೆ ತಿರುಗಿ, ಅದನ್ನು ಹೇಳಿದ. ಎದುರುಮನೆಯಲ್ಲಿ ಕಸ ಹೊಡೆಯುತ್ತಿದ್ದ ಹೆಂಗಸು ಕೈ ನಿಲ್ಲಿಸಿದಳು.

"ಯಾವ ಯಮನೂರಪ್ಪ ರೀ? ಮಿಲ್ಲಿನಾಗ ಇದ್ರಲ್ಲ, ಅವ್ರೇನು?" ಎಂದು ಅವನನ್ನೇ ಕೇಳಿದಳು.

ಅವನಿಗೆ ಕೇಳಲಿಲ್ಲ. ಅಂಗೈಯಿಂದ ಕಲ್ಲು ಒರೆಸಿ, ಸುಣ್ಣದ ತುಂಡನ್ನು ನನ್ನ ಕಡೆ ಸರಿಸಿ, ಕಾಯುತ್ತ ಕೂತ.